ಎಲೆ ಇಲ್ಲದ ಕಾಡಿನಲ್ಲಿ ಒಂದು ಕ್ಲಾಸು

ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಕಾಡಿನ ಚಿತ್ರ ಬರೆಯಲು ಹೇಳಿದ್ದೆ. ಹಸಿರು ಗುಡ್ಡ, ಮುಗಿಲು ಮುಟ್ಟುವ ಮರ, ಆನೆ, ಮೂಲೆಯಲ್ಲೊಂದು ಹುಲಿ. ಮೂವತ್ತು ಹಾಳೆಯಲ್ಲೂ ಮಲೆನಾಡೇ. ಇವರ ಊರ ಹಿಂದೆಯೇ 134.88 ಚದರ ಕಿಲೋಮೀಟರಿನ ವನ್ಯಜೀವಿ ಧಾಮವಿದೆ, 2011ರಲ್ಲಿ ಘೋಷಣೆಯಾದದ್ದು. ಅಲ್ಲಿ ನೆಲೆನಿಂತ ಆನೆಯಿಲ್ಲ, ಹುಲಿಯಿಲ್ಲ. ತೋಳ, ಕತ್ತೆಕಿರುಬ, ನರಿ, ನವಿಲು ಇವೆ. ಅದನ್ನು ಯಾಕೆ ಬರೆಯಲಿಲ್ಲ ಅಂತ ಕೇಳಿದರೆ ಒಬ್ಬ ಹುಡುಗ, "ಅದು ಅಡವಿ ರೀ ಸರ್, ಕಾಡಲ್ಲ" ಅಂದ.

ಪರಿಸರ ಶಿಕ್ಷಣದ ಕಷ್ಟವೆಲ್ಲ ಆ ಒಂದು ಮಾತಿನಲ್ಲಿದೆ ಅನ್ನಿಸಿತು. ದಿನಾ ಕಟ್ಟಿಗೆ ತರುವ, ದನ ಬಿಡುವ, ಸೀತಾಫಲ ಕೀಳುವ ಜಾಗ ಅಡವಿ. ಪುಸ್ತಕದಲ್ಲಿರುವುದು, ಉಳಿಸಬೇಕಾದದ್ದು ಕಾಡು. ಎರಡೂ ಒಂದೇ ಅಂತ ಯಾರೂ ಅವರಿಗೆ ತೋರಿಸಿಲ್ಲ.

ತೋರಿಸಬೇಕು ಎಂಬ ಮಾತೇನೂ ಹೊಸದಲ್ಲ. 1977ರಲ್ಲಿ ಆಗಿನ ಸೋವಿಯತ್ ಜಾರ್ಜಿಯಾದ ಟಿಬಿಲಿಸಿಯಲ್ಲಿ ಯುನೆಸ್ಕೊ ನಡೆಸಿದ ಸಮ್ಮೇಳನವೇ ಪರಿಸರ ಶಿಕ್ಷಣಕ್ಕೊಂದು ರೂಪ ಕೊಟ್ಟಿತ್ತು. 1991ರಲ್ಲಿ ವಕೀಲ ಎಂ.ಸಿ. ಮೆಹ್ತಾ ಹೂಡಿದ ದಾವೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ಇದನ್ನು ಕಡ್ಡಾಯ ವಿಷಯವಾಗಿ ಕಲಿಸಿ ಎಂದಿತು. ಅರಣ್ಯ ಇಲಾಖೆಯ 'ಚಿಣ್ಣರ ವನದರ್ಶನ'ದಲ್ಲಿ ಮಕ್ಕಳು ಕಾಡು ನೋಡಿಯೂ ಬರುತ್ತಾರೆ. ಆದರೆ ಒಂದು ಸಲ ನೋಡಿ ಬರುವುದಕ್ಕೂ ಕಲಿಯುವುದಕ್ಕೂ ಬಹಳ ದೂರ. ನಾನು ಕಂಡ ಒಂದು ಪ್ರವಾಸದಲ್ಲಿ ಮುಕ್ಕಾಲು ಗಂಟೆ ಹುಲಿ ಸಂರಕ್ಷಣೆಯ ಮೇಲೆ ಭಾಷಣ ನಡೆಯಿತು, ಹುಲಿಯಿಲ್ಲದ ಅಡವಿಯಲ್ಲಿ. ಆಮೇಲೆ ಉಪ್ಪಿಟ್ಟು, ಬಸ್ಸು.

ಇನ್ನೊಂದು ತೊಡಕು, ಪ್ರವಾಸಗಳೆಲ್ಲ ಹಸಿರಿದ್ದಾಗಲೇ ಆಗುತ್ತವೆ. ಚಂದ್ರಂಪಳ್ಳಿ ಕೆರೆ ತುಂಬಿರಬೇಕು, ಫೋಟೊ ಚೆನ್ನಾಗಿ ಬರಬೇಕು. ನನ್ನನ್ನು ಕೇಳಿದರೆ ಕಲಬುರಗಿ ಸೀಮೆಯ ಅಡವಿಯನ್ನು ಮಕ್ಕಳಿಗೆ ತೋರಿಸಬೇಕಾದದ್ದು ಬೇಸಿಗೆ ಏರುತ್ತಿರುವಾಗ, ಮಾರ್ಚಿನಲ್ಲಿ, ಬೆಳಿಗ್ಗೆ ಏಳಕ್ಕೆ ಶುರುಮಾಡಿ ಬಿಸಿಲೇರುವುದರೊಳಗೆ ಮುಗಿಯುವಂತೆ. ಈ ಕಾಡಿನ ಬುದ್ಧಿವಂತಿಕೆ ಕಾಣುವುದೇ ಅದು ಸತ್ತಂತೆ ಬಿದ್ದಿರುವಾಗ.

ಎಲೆಯ ಅಡಿಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗುತ್ತಿದ್ದಂತೆ ಬೇರಿನಿಂದ ಹೊಸ ನೀರು ಮೇಲಕ್ಕೆ ಜಗ್ಗಿಕೊಂಡು ಬರುತ್ತದೆ. ನೆಲ ಒಣಗಿದ ಹಾಗೆ ಈ ಜಗ್ಗಾಟ ಬಿಗಿಯಾಗುತ್ತದೆ. ಒಂದು ಹಂತದಲ್ಲಿ ಕಾಂಡದೊಳಗಿನ ನೀರಿನ ಎಳೆ ಕಡಿದು ನಡುವೆ ಗಾಳಿಗುಳ್ಳೆ ಕೂರುತ್ತದೆ. ಪಂಪ್‌ಸೆಟ್ಟಿಗೆ ಏರ್ ಹಿಡಿಯುವುದು ಅಂದರೆ ಏನೆಂದು ನಮ್ಮ ಕಡೆಯ ಹುಡುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮರಕ್ಕೆ ಹಾಗೆ ಏರ್ ಹಿಡಿದರೆ ಆ ನಳಿಗೆ ಕೆಲಸಕ್ಕೆ ಬಾರದು. ಅದಕ್ಕೇ ಮೊದಲೇ ಎಲೆ ಉದುರಿಸಿ ಖರ್ಚು ನಿಲ್ಲಿಸಿಬಿಡುತ್ತದೆ. ಉದುರಿಸುವ ಮುಂಚೆ ಎಲೆಯಲ್ಲಿನ ಸಾರಜನಕ, ರಂಜಕದಲ್ಲಿ ಸುಮಾರು ಅರ್ಧದಷ್ಟನ್ನು ಟೊಂಗೆಗೆ ವಾಪಸು ಎಳೆದುಕೊಳ್ಳುತ್ತದೆ. ಮನೆ ಖಾಲಿ ಮಾಡುವವರು ಬಲ್ಬನ್ನೂ ಬಿಚ್ಚಿಕೊಂಡು ಹೋದ ಹಾಗೆ. ಮುತ್ತುಗವಂತೂ ಮೈಮೇಲೆ ಎಲೆಯಿಲ್ಲದೆಯೇ ಹೂಬಿಡುತ್ತದೆ. ಮಳೆಗೆ ಇನ್ನೂ ವಾರಗಟ್ಟಲೆ ಇರುವಾಗಲೇ ಕೆಲವು ಮರಗಳು ಚಿಗುರಿಯೂ ಬಿಡುತ್ತವೆ, ಆಳದ ನೀರಿನ ಧೈರ್ಯದಲ್ಲಿ.

ಕಳೆದ ಮಾರ್ಚಿನಲ್ಲಿ ಎರಡು ಬಾಟಲಿ ನೀರು ಹಿಡಿದು ಮಕ್ಕಳ ಜೊತೆ ಅಡವಿಯಂಚಿಗೆ ಹೋಗಿದ್ದೆ. ದನ ತುಳಿದು ಗಟ್ಟಿಯಾದ ದಾರಿಯ ಮೇಲೆ ಒಂದು ಬಾಟಲಿ ಸುರಿದೆವು. ನೀರು ಕೆಂಪಗಾಗಿ ಎರಡು ಮಾರು ಹರಿದು ಹಳ್ಳದ ಕಡೆ ತಿರುಗಿತು. ಇನ್ನೊಂದನ್ನು ಮರದ ಬುಡದ ತರಗೆಲೆಯ ಮೇಲೆ ಸುರಿದೆವು. ಚರ್ ಅಂತ ಸದ್ದಾಯಿತು, ಅಷ್ಟೇ, ನೀರೆಲ್ಲಿ ಹೋಯಿತೋ ಕಾಣಲಿಲ್ಲ. ಎಲೆ ಸರಿಸಿದರೆ ಕೆಳಗೆ ಕಪ್ಪು ಮಣ್ಣು, ಗೆದ್ದಲು, ಬೂಷ್ಟಿನ ಬಿಳಿ ದಾರ. "ಹರಗಿದ ಹೊಲದಾಗೂ ಹಿಂಗೇ ನೀರು ಕುಡೀತದ್ರಿ ಸರ್" ಅಂದಳೊಬ್ಬಳು. ತೊಗರಿ ಹೊಲದಲ್ಲಿ ಕುಂಟೆ ಹೊಡೆದು ಮಾಡುವುದನ್ನು ಇಲ್ಲಿ ತರಗೆಲೆ, ಬೇರು, ಹುಳ ಸೇರಿ ಮಾಡಿರುತ್ತವೆ. ಮಳೆಗಾಲದಲ್ಲಿ ಆ ಹುಡುಗಿಯ ಅಪ್ಪನ ಬಾವಿಗೆ ಬರುವ ನೀರಿನ ಒಂದು ಪಾಲು ಹೀಗೆ ಇಂಗಿದ್ದು.

ಇಷ್ಟಾದ ಮೇಲೆ ಬೆಂಕಿಯ ಮಾತೆತ್ತಿದರೆ ಕೇಳುವ ಕಿವಿಯೇ ಬೇರೆ. ಮಧ್ಯಭಾರತದ ಒಣಕಾಡುಗಳಲ್ಲಿ ಬೀಡಿ ಎಲೆ ಚೆನ್ನಾಗಿ ಚಿಗುರಲಿ ಅಂತ, ಇಪ್ಪೆ ಹೂ ಆರಿಸಲು ನೆಲ ಚೊಕ್ಕವಾಗಲಿ ಅಂತ ಬೆಂಕಿ ಕೊಡುವುದುಂಟು. ತೊಗಟೆ ದಪ್ಪಗಿರುವ ದೊಡ್ಡ ಮರಗಳಿಗೆ ಅಷ್ಟೇನೂ ಆಗುವುದಿಲ್ಲ. ಸಾಯುವುದು ಮರಿಗಿಡಗಳು. ವರ್ಷ ವರ್ಷ ಸುಟ್ಟ ಕಾಡು, ದುಡಿಯುವವರೆಲ್ಲ ಗುಳೆ ಹೋದ ತಾಂಡಾ ಇದ್ದ ಹಾಗೆ. ಮುದುಕರು ಕಟ್ಟೆಯ ಮೇಲೆ ಕೂತಿರುತ್ತಾರೆ, ಮುಂದಿನವರು ಕಾಣುವುದಿಲ್ಲ.

ಗುಳೆಯ ಮಾತು ಬಂದದ್ದಕ್ಕೆ ಹೇಳಬೇಕು. ಕಾಡಂಚಿನ ತಾಂಡಾಗಳಿಂದ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿಯುತ್ತಲೇ ಪುಣೆ, ಮುಂಬಯಿ ದಾರಿ ಹಿಡಿಯುತ್ತವೆ, ಮಕ್ಕಳನ್ನೂ ಕಟ್ಟಿಕೊಂಡು. ಕಾಡಿನ ಜೊತೆ ಎಲ್ಲರಿಗಿಂತ ಹೆಚ್ಚು ಕೊಡುಕೊಳ್ಳುವವರ ಮಕ್ಕಳೇ ಕ್ಲಾಸಿನಲ್ಲಿ ಇರುವುದಿಲ್ಲ. ನನ್ನ ಮಾರ್ಚಿನ ಹಟಕ್ಕೂ ಇದೇ ಪೆಟ್ಟು. ಹಾಗಾಗಿ ಒಂದು ಸಲ ಸಾಲದು, ಅವರು ಊರಿಗೆ ಮರಳಿ ಶಾಲೆ ಶುರುವಾದ ಮೇಲೆ ಇನ್ನೊಮ್ಮೆ ಆಗಲೇಬೇಕು.

ಪದೇ ಪದೇ ಕರೆದುಕೊಂಡು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಕೋಸ್ಟರಿಕಾದ ಗ್ವಾನಾಕಾಸ್ಟೆ ನೋಡಬೇಕು. ಅದೂ ಆರು ತಿಂಗಳು ಒಣಗಿ ನಿಲ್ಲುವ ಕಾಡು. ದನದ ಮೇವಿಗೆಂದು ಆಫ್ರಿಕಾದಿಂದ ತಂದ ಹರಾಗ್ವಾ ಹುಲ್ಲು ಹಬ್ಬಿ, ಬೇಸಿಗೆಯ ಬೆಂಕಿಗೆ ಅದೇ ಸೌದೆಯಾಗಿ ಕಾಡು ಕರಗುತ್ತಿತ್ತು. 1980ರ ದಶಕದಲ್ಲಿ ಜೀವವಿಜ್ಞಾನಿ ಡೇನಿಯಲ್ ಜಾನ್ಜೆನ್ ಮತ್ತು ಸಂಗಡಿಗರು ಬೆಂಕಿ ತಡೆಯುವುದರ ಜೊತೆಗೇ ಸುತ್ತಲ ಶಾಲೆಗಳತ್ತ ತಿರುಗಿದರು. ನಾಲ್ಕರಿಂದ ಆರನೇ ಇಯತ್ತೆಯ ಮಕ್ಕಳು ವರ್ಷದಲ್ಲಿ ಹಲವು ಸಲ ಕಾಡಿಗೇ ಬಂದು ಜೀವಶಾಸ್ತ್ರ ಕಲಿಯುವ ಏರ್ಪಾಡು ಇವತ್ತಿಗೂ ನಡೆದಿದೆ. ಬೆಂಕಿ ಕಾಯಲು, ಕೀಟ ಹಿಡಿದು ಗುರುತಿಸಿಡಲು ಅಲ್ಲಿನ ಹಳ್ಳಿಯವರಿಗೇ ಸಂಬಳದ ಕೆಲಸ ಕೊಟ್ಟರು. ಪಾಠದಷ್ಟೇ ಸಂಬಳವೂ ಮುಖ್ಯ ಅಂತ ನನ್ನ ಅಭಿಪ್ರಾಯ. ಒಲೆಗೆ ಬೇರೆ ದಾರಿ ತೋರಿಸದೆ ಕಟ್ಟಿಗೆ ತರಬೇಡಿ ಅಂತ ಮಗುವಿಗೆ ಹೇಳಿದರೆ, ಅದು ಮನೆಗೆ ಹೋಗಿ ಅವ್ವನ ಮುಂದೆ ಆ ಮಾತು ಹೇಗೆ ಆಡಬೇಕು? 'ಸುಸ್ಥಿರ' ಅನ್ನುವ ಶಬ್ದವನ್ನು ತಾಂಡಾದಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಬಿತ್ತುವ ಬೀಜ ಕುಟ್ಟಿ ತಿನ್ನಬಾರದು ಅನ್ನುವುದು ಮಾತ್ರ ಅಲ್ಲಿ ಎಲ್ಲರಿಗೂ ಗೊತ್ತು.

ಆ ಮಾರ್ಚಿನ ದಿನ ವಾಪಸು ಬರುವಾಗ ಹಳ್ಳದ ದಂಡೆಯ ಮಣ್ಣು ಕುಸಿದಲ್ಲಿ ಬೀಡಿ ಎಲೆಯ ಒಂದು ಮರಿಗಿಡ ಕಂಡಿತು. ಮೇಲೆ ಗೇಣುದ್ದದ ಕಡ್ಡಿ, ತುದಿಯಲ್ಲಿ ಎರಡೇ ಎಲೆ. ಬೇರು ಮಾತ್ರ ಹೆಬ್ಬೆರಳಿಗಿಂತ ದಪ್ಪ, ದಂಡೆಯೊಳಗೆ ಎಲ್ಲಿವರೆಗೆ ಇಳಿದಿದೆಯೋ ತಿಳಿಯದು. ಇಂಥ ಗಿಡಗಳು ಬರಕ್ಕೆ, ಬೆಂಕಿಗೆ, ಆಡಿನ ಬಾಯಿಗೆ ಮೇಲಿನದನ್ನು ಕಳೆದುಕೊಳ್ಳುತ್ತ, ಪ್ರತಿ ಸಲ ಬುಡದಿಂದ ಮತ್ತೆ ಚಿಗುರುತ್ತ, ಬೇರನ್ನಷ್ಟೇ ಬೆಳೆಸಿಕೊಂಡು ವರ್ಷಗಟ್ಟಲೆ ಕಾಯುತ್ತವೆ. ಅಡವಿ ಬೇರೆ, ಕಾಡು ಬೇರೆ ಅಂದಿದ್ದ ಹುಡುಗ ಬಗ್ಗಿ ನೋಡಿ, "ಇದು ನನಗಿಂತ ದೊಡ್ಡದಿರಬೇಕಲ್ಲರಿ ಸರ್, ವಯಸ್ಸಿನಾಗ?" ಅಂದ. ಇರಬಹುದು ಅಂದೆ. ಅವನು ಎರಡು ಬೊಗಸೆ ಮಣ್ಣು ತಂದು ಬೇರಿನ ಮೇಲೆ ಒತ್ತಿದ.