ನೆಪೋಲಿಯನ್ನನ ಸಿಂಹಾಸನದಲ್ಲಿ ಚಿನ್ನ ಎಷ್ಟಿದೆ?

1814ರ ಹೊಸ ವರ್ಷದ ದಿನ ನೆಪೋಲಿಯನ್ ಫ್ರಾನ್ಸಿನ ಶಾಸಕರ ಮೇಲೆ ರೇಗಿದ್ದ. ಸಿಂಹಾಸನ ಅಂದರೆ ಮಖಮಲ್ಲು ಹೊದಿಸಿದ ನಾಲ್ಕು ತುಂಡು ಮರ, ಅಷ್ಟೇ ಎಂಬರ್ಥದ ಮಾತನ್ನು ಆಗ ಆಡಿದನಂತೆ. ಕೋಪದ ಮಾತಾದರೂ ಸುಳ್ಳೇನಲ್ಲ. ಅವನ ಸಿಂಹಾಸನ ಒಳಗೆಲ್ಲ ಮರವೇ. ಚಿನ್ನ ಇರುವುದು ಮೇಲ್ಮೈಯಲ್ಲಿ ಮಾತ್ರ.

ಅದೂ ಎಷ್ಟು? ಚಿನ್ನದ ರೇಕಿನ ದಪ್ಪ ಸುಮಾರು 0.1 ಮೈಕ್ರಾನ್. ಒಂದು ತಲೆಕೂದಲಿನ ದಪ್ಪ ಬರಬೇಕಾದರೆ ಇಂಥ 500ಕ್ಕೂ ಹೆಚ್ಚು ರೇಕು ಪೇರಿಸಬೇಕು. ಒಂದೇ ಗ್ರಾಂ ಚಿನ್ನ ಅರ್ಧ ಚದರ ಮೀಟರ್ ಮುಚ್ಚುತ್ತದೆ. ಚಿನ್ನದೊಳಗಿನ ಪರಮಾಣು ಪದರಗಳು ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ. ಹಾಗಾಗಿ ಬಡಿದರೆ ಒಡೆಯುವುದಿಲ್ಲ, ಹರಡುತ್ತದೆ. ಆದರೆ ಇಷ್ಟು ತೆಳು ರೇಕನ್ನು ಬರೀ ಮರದ ಮೇಲೆ ಅಂಟಿಸಿದರೆ ಒಂದೊಂದು ನಾರೂ ಎದ್ದು ಕಾಣುತ್ತದೆ. ಅದಕ್ಕೇ ಆ ಕಾಲದ ಕುಶಲಕರ್ಮಿಗಳು ಸುಣ್ಣದಕಲ್ಲಿನ ನುಣ್ಣನೆ ಪುಡಿಯನ್ನು ಚರ್ಮದ ಅಂಟಿನಲ್ಲಿ ಕಲಸಿ, ಪದರ ಪದರವಾಗಿ ಬಳಿದು ಉಜ್ಜುತ್ತಿದ್ದರು. ಅದರ ಮೇಲೆ ಕಬ್ಬಿಣದ ಅಂಶವಿರುವ ಕೆಂಪು ಜೇಡಿ, ಆಮೇಲೆ ರೇಕು, ಕೊನೆಗೆ ಅಗೇಟ್ ಕಲ್ಲಿನಿಂದ ಹೊಳಪು.

ಇನ್ನು ವಿನ್ಯಾಸ. 1804ರಲ್ಲಿ ಚಕ್ರವರ್ತಿಯಾದ ನೆಪೋಲಿಯನ್ನನಿಗೆ ಫ್ರಾನ್ಸನ್ನು ಹಿಂದೆ ಆಳುತ್ತಿದ್ದ ಬೋರ್ಬನ್ ವಂಶದ ರಾಜರ ಶೈಲಿ ಬೇಡವಾಗಿತ್ತು. ಆ ವಂಶದ ದೊರೆಯ ತಲೆಯನ್ನು 1793ರಲ್ಲೇ ಕಡಿದಾಗಿತ್ತಲ್ಲ! ಹಾಗಂತ ತೀರಾ ಹೊಸದಾಗಿ ಕಂಡರೆ ಗೌರವ ಎಲ್ಲಿಂದ ಬರಬೇಕು? ರೋಮ್‌ನಲ್ಲಿ ಓದಿ ಬಂದಿದ್ದ ಪೆರ್ಸಿಯೆ ಮತ್ತು ಫಾಂಟೇನ್ ಎಂಬ ವಾಸ್ತುಶಿಲ್ಪಿಗಳು ಇನ್ನೂ ಹಿಂದಕ್ಕೆ ಹೋದರು. ರೋಮನ್ ಸೈನ್ಯದ ಹದ್ದು ಬಂತು. ಗೆದ್ದವರ ತಲೆಯ ಮೇಲಿರುತ್ತಿದ್ದ ಲಾರೆಲ್ ಎಲೆ ಬಂತು. ಜೇನ್ನೊಣ ಮಾತ್ರ ರೋಮ್‌ನದ್ದಲ್ಲ. ಐದನೇ ಶತಮಾನದ ಫ್ರಾಂಕ್ ದೊರೆ ಚೈಲ್ಡೆರಿಕ್‌ನ ಸಮಾಧಿ 1653ರಲ್ಲಿ ಸಿಕ್ಕಾಗ ಅದರಲ್ಲಿ ಚಿನ್ನದ ನೊಣಗಳಿದ್ದವು. ಅದೇ ನೆಪೋಲಿಯನ್ನನ ಲಾಂಛನವಾಯಿತು.

ನನಗೆ ಜಾಸ್ತಿ ಕುತೂಹಲ ಹುಟ್ಟಿಸುವುದು ಬೇರೆಯೇ. ಪ್ರಾಚೀನ ಕಾಲದ ಮರದ ಕುರ್ಚಿಗಳು ಬಹುತೇಕ ಕೊಳೆತು ಹೋಗಿವೆ, ಉಳಿದದ್ದು ಅಮೃತಶಿಲೆಯ ಪೀಠಗಳು. ಕಲ್ಲು ಭಾರ ಹೊರುತ್ತದೆ, ಆದರೆ ಬಾಗಿಸುವ ಬಲ ಬಿದ್ದರೆ ಬಿರುಕು ಬಿಡುತ್ತದೆ. ಹಾಗಾಗಿ ಕಲ್ಲಿನ ಪೀಠ ದಪ್ಪವಾಗಿ, ಗಡುಸಾಗಿ ಇರಲೇಬೇಕು. ಮರದ ನಾರಿಗೆ ಆ ಕಷ್ಟವಿಲ್ಲ. ಗ್ರೀಕರ ಹೂಜಿಗಳ ಮೇಲಿನ ಚಿತ್ರ ನೋಡಿ, ಅವರ ಮರದ ಕುರ್ಚಿಗಳಿಗೆ ತೆಳ್ಳನೆ ಬಾಗಿದ ಕಾಲುಗಳಿವೆ. ನೆಪೋಲಿಯನ್ ಕಾಲದ ಪೀಠೋಪಕರಣ ಕಲ್ಲಿನ ಗತ್ತನ್ನೇ ಮರಕ್ಕೆ ತಂದಿತು. ಮರಕ್ಕೆ ಅಷ್ಟು ದಪ್ಪ ಬೇಕಿರಲಿಲ್ಲ, ಗಾಂಭೀರ್ಯಕ್ಕೆ ಬೇಕಿತ್ತು.

1806ರಲ್ಲಿ ಚಿತ್ರಕಾರ ಆಂಗ್ರ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಸಿಂಹಾಸನದ ದುಂಡನೆ ಬೆನ್ನನ್ನು ಪ್ರಭಾವಳಿಯಂತೆ ಬಿಡಿಸಿ, ಚಕ್ರವರ್ತಿಯನ್ನು ಗ್ರೀಕರ ಸ್ಯೂಸ್ ದೇವರ ಭಂಗಿಯಲ್ಲಿ ಕೂರಿಸಿದ. ವಿಮರ್ಶಕರು ಮಾತ್ರ ಚಿತ್ರವನ್ನು ಹಿಗ್ಗಾಮುಗ್ಗಾ ಬೈದರು.

ಇಂಥ ಸಿಂಹಾಸನವೊಂದು ಫಾಂಟೆನ್‌ಬ್ಲೋ ಅರಮನೆಯಲ್ಲಿ ಈಗಲೂ ಇದೆ. 1808ರಲ್ಲಿ ಅದಕ್ಕೆ ಸಿಕ್ಕ ಜಾಗ, ಬೋರ್ಬನ್ ರಾಜರು ಮಲಗುತ್ತಿದ್ದ ಕೋಣೆ. ಗೋಡೆ, ಚಾವಣಿಯ ಹಳೇ ಅಲಂಕಾರವನ್ನು ಹೆಚ್ಚೇನೂ ಕೀಳಲಿಲ್ಲ.