ಓದುಗರ ಪ್ರಶ್ನೆ: ಜ್ಯಾಕ್ ದ ರಿಪ್ಪರ್ ಒಬ್ಬ ಕ್ರಿಕೆಟ್ ಆಟಗಾರ ಅಲ್ವಾ?

ಪ್ರಶ್ನೆ: 1888ರಲ್ಲಿ ಲಂಡನ್ನಿನಲ್ಲಿ ಹೆಂಗಸರನ್ನು ಕೊಂದ ಜ್ಯಾಕ್ ದ ರಿಪ್ಪರ್ ನಿಜಕ್ಕೂ ಡ್ರೂಯಿಟ್ ಎಂಬ ಡಾಕ್ಟರ್, ಒಳ್ಳೇ ಕ್ರಿಕೆಟ್ ಆಟಗಾರ ಅಂತ ವಿಡಿಯೋ ಒಂದರಲ್ಲಿ ನೋಡಿದೆ. ನಿಜವೇ ಸಾರ್?

ಉತ್ತರ: ಹಳೇ ಕ್ರಿಕೆಟ್ ಬಗ್ಗೆ ಏನೇ ಬರೆದರೂ ಹಿಂದೆಯೇ ಈ ಪ್ರಶ್ನೆ ಬರುತ್ತದೆ. ಎಷ್ಟೋ ಸಲ ಚಿಕ್ಕದಾಗಿ ಉತ್ತರ ಕೊಟ್ಟಿದ್ದೇನೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ, ದಯವಿಟ್ಟು ಕೊನೆಯವರೆಗೂ ಓದಿ.

ಮೊದಲಿಗೆ, ಮಾಂಟೇಗ್ಯೂ ಜಾನ್ ಡ್ರೂಯಿಟ್ ಡಾಕ್ಟರ್ ಅಲ್ಲವೇ ಅಲ್ಲ. ಡಾಕ್ಟರ್ ಆಗಿದ್ದವರು ಅವನ ಅಪ್ಪ. ಮಗ ಹುಟ್ಟಿದ್ದು 1857ರಲ್ಲಿ, ಡಾರ್ಸೆಟ್ ಕೌಂಟಿಯ ವಿಂಬರ್ನ್ ಎಂಬ ಊರಿನಲ್ಲಿ. ವಿಂಚೆಸ್ಟರ್ ಮತ್ತು ಆಕ್ಸ್‌ಫರ್ಡಿನಲ್ಲಿ ಓದಿ, 1885ರಲ್ಲಿ ಬ್ಯಾರಿಸ್ಟರ್ ಆದ. ಲಂಡನ್ನಿನಲ್ಲಿ ವಕೀಲರ ಸಂಘವಾದ ಇನ್ನರ್ ಟೆಂಪಲ್‌ನಲ್ಲಿ ಆಫೀಸು, ಪಶ್ಚಿಮದ ಜಿಲ್ಲೆಗಳ ಕೋರ್ಟುಗಳಲ್ಲಿ ಕೇಸು. ಅದರ ಜೊತೆಗೆ ಲಂಡನ್ನಿನ ಆಗ್ನೇಯ ಭಾಗದ ಬ್ಲ್ಯಾಕ್‌ಹೀತ್‌ನ ಹಾಸ್ಟೆಲ್ ಶಾಲೆಯೊಂದರಲ್ಲಿ ಮೇಷ್ಟ್ರ ಕೆಲಸ. ವಕಾಲತ್ತು ಶುರುಮಾಡಿದವನಿಗೆ ಇನ್ನೊಂದು ಸಂಬಳ ಯಾಕೆ ಬೇಕು ಅಂತ ನಮ್ಮ ಜೂನಿಯರ್ ಲಾಯರುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕ್ರಿಕೆಟ್ ಮಾತ್ರ ಅವನ ಜೀವ. ಬ್ಲ್ಯಾಕ್‌ಹೀತ್ ಕ್ಲಬ್ಬಿಗೆ ಕಾರ್ಯದರ್ಶಿಯೂ ಅವನೇ, ಖಜಾಂಚಿಯೂ ಅವನೇ. 1884ರಲ್ಲಿ ಎಂಸಿಸಿ, ಅಂದರೆ ಲಾರ್ಡ್ಸ್ ಮೈದಾನದ ಮೇರಿಲೆಬೋನ್ ಕ್ರಿಕೆಟ್ ಕ್ಲಬ್ಬಿನ ಸದಸ್ಯನಾದ. ತನ್ನ ಊರ ಕಡೆಯ ತಂಡಗಳಿಗೂ ತಪ್ಪದೆ ಆಡುತ್ತಿದ್ದ. ಬೌಲಿಂಗ್ ಅವನ ಬಲ.

ಹಾಗಾದರೆ ಕೊಲೆಗಾರ ಅನ್ನುವ ಮಾತು ಎಲ್ಲಿಂದ ಬಂತು? ಒಂದೇ ಒಂದು ಪೊಲೀಸ್ ಟಿಪ್ಪಣಿಯಿಂದ. 1894ರಲ್ಲಿ ಮೆಲ್ವಿಲ್ ಮ್ಯಾಕ್ನಾಟನ್ ಎಂಬ ಅಧಿಕಾರಿ ಅದನ್ನು ಬರೆದರು. ಈ ಕೊಲೆಗಳಾದಾಗ ಆತ ಪೊಲೀಸ್ ಇಲಾಖೆಯಲ್ಲೇ ಇರಲಿಲ್ಲ, ಸೇರಿದ್ದು 1889ರಲ್ಲಿ. ಟಿಪ್ಪಣಿ ಬರೆದದ್ದಾದರೂ ಯಾಕೆ? ಪತ್ರಿಕೆಯೊಂದು ಕಟ್‌ಬುಶ್ ಎಂಬಾತನೇ ಕೊಲೆಗಾರ ಅಂತ ಬರೆದಿತ್ತು. ಅವನಿಗಿಂತ ಈ ಮೂವರ ಮೇಲೆ ಅನುಮಾನ ಪಡುವುದು ಮೇಲು ಅಂತ ಮೂರು ಹೆಸರು ಕೊಟ್ಟರು. ಅದರಲ್ಲಿ ಡ್ರೂಯಿಟ್ ಒಬ್ಬ. ಇಷ್ಟೇ ಆಧಾರ.

ಆ ಟಿಪ್ಪಣಿಯನ್ನು ಕೋರ್ಟಿನಲ್ಲಿ ಸಾಕ್ಷಿಗೆ ಪಾಟೀಸವಾಲು ಹಾಕುವಂತೆ ಒಂದೊಂದಾಗಿ ಕೇಳಿ ನೋಡಿ. ಕರಡು ಪ್ರತಿಯ ಪ್ರಕಾರ ಡ್ರೂಯಿಟ್ ಡಾಕ್ಟರ್. ತಪ್ಪು, ಅವನು ವಕೀಲ. ವಯಸ್ಸು ಸುಮಾರು 41. ತಪ್ಪು, ಅವನಿಗಾಗ 31. ನವೆಂಬರ್ 9ರ ಕೊನೆಯ ಕೊಲೆಯ ಹೊತ್ತಿಗೆ ನಾಪತ್ತೆಯಾದ. ಇದೂ ತಪ್ಪು. ಶಾಲೆಯವರು ಅವನನ್ನು ಕೆಲಸದಿಂದ ತೆಗೆದದ್ದೇ ನವೆಂಬರ್ ಕೊನೆಯಲ್ಲಿ. ಮೂರು ವಾರ ನಾಪತ್ತೆಯಾದವನನ್ನು ಕೆಲಸದಿಂದ ತೆಗೆಯುವುದು ಹೇಗೆ? ಕೆಲಸ, ವಯಸ್ಸು, ತಾರೀಖು ಮೂರೂ ಸರಿಯಿಲ್ಲದ ಕಾಗದವನ್ನು ನಂಬಿ ಒಬ್ಬ ಮನುಷ್ಯನನ್ನು ಕೊಲೆಗಾರ ಅನ್ನುತ್ತಿದ್ದೇವೆ. ನನಗೆ ಬೇಜಾರಾಗುವುದು ಇಲ್ಲೇ.

ಆ ತಿಂಗಳುಗಳಲ್ಲಿ ಅವನು ಎಲ್ಲಿದ್ದ ಅಂತ ಸ್ಕೋರ್ ಪಟ್ಟಿಗಳು ಹೇಳುತ್ತವೆ. ಮೊದಲ ಕೊಲೆ ಆಗಸ್ಟ್ 31ರ ಬೆಳಗಿನ ಜಾವ. ಮಾರನೇ ದಿನ ಅವನು ದೂರದ ಡಾರ್ಸೆಟ್‌ನಲ್ಲಿ ಮ್ಯಾಚ್ ಆಡುತ್ತಿದ್ದ. ಎರಡನೆಯದು ಸೆಪ್ಟೆಂಬರ್ 8ರ ಬೆಳಿಗ್ಗೆ, ಲಂಡನ್ನಿನ ಪೂರ್ವ ಭಾಗದಲ್ಲಿ. ಅದೇ ದಿನ ಅವನು ಬ್ಲ್ಯಾಕ್‌ಹೀತ್‌ನಲ್ಲಿ ಆಡಿದ, ಸ್ಟ್ಯಾನ್ಲಿ ಕ್ರಿಸ್ಟೋಫರ್ಸನ್ ಎಸೆತಕ್ಕೆ ಬೌಲ್ಡ್ ಆದ. ಕೊಲೆ ಮಾಡಿ ರೈಲು ಹತ್ತಿ ಮೈದಾನಕ್ಕೆ ಬರಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಬರಬಹುದಿತ್ತು, ಒಪ್ಪುತ್ತೇನೆ. ಆದರೆ ‘ಬರಬಹುದಿತ್ತು’ ಸಾಕ್ಷಿಯಲ್ಲ. ಆ ರೈಲಿನಲ್ಲಿ ಬರಬಹುದಾಗಿದ್ದವರು ಸಾವಿರಾರು ಜನ. ತನಿಖೆಯಲ್ಲಿ ಬೀದಿ ಬೀದಿ ತಿರುಗಿದ ಇನ್ಸ್‌ಪೆಕ್ಟರ್ ಅಬರ್‌ಲೈನ್ 1903ರಲ್ಲಿ ಹೇಳಿದ್ದೂ ಇದನ್ನೇ: ಆ ಸಮಯದಲ್ಲಿ ಡ್ರೂಯಿಟ್‌ನ ಹೆಣ ಸಿಕ್ಕಿತು ಅನ್ನುವುದು ಬಿಟ್ಟರೆ ಅವನ ವಿರುದ್ಧ ಬೇರೇನೂ ಇಲ್ಲ.

ಹೌದು, 1888ರ ಡಿಸೆಂಬರ್ 31ರಂದು ಅವನ ಶವ ಥೇಮ್ಸ್ ನದಿಯಲ್ಲಿ ಸಿಕ್ಕಿತು. ಅಪ್ಪ ತೀರಿಕೊಂಡು ಮೂರು ವರ್ಷ. ಅಮ್ಮ ಅದೇ ವರ್ಷ ಮಾನಸಿಕ ಆಸ್ಪತ್ರೆ ಸೇರಿದ್ದರು. ತಾನೂ ಅಮ್ಮನ ಹಾಗೇ ಆಗುತ್ತೇನೇನೋ ಅನ್ನುವ ಭಯವನ್ನು ಚೀಟಿಯಲ್ಲಿ ಬರೆದಿಟ್ಟಿದ್ದ. ಕೆಲಸವೂ ಹೋಗಿತ್ತು. ಈ ಸಾವಿಗೆ ಇಷ್ಟು ಕಾರಣ ಸಾಲದೇ? ಕೊಲೆಯ ಕಥೆ ಯಾಕೆ ಬೇಕು? 1959ರಲ್ಲಿ ಮ್ಯಾಕ್ನಾಟನ್ ಮಗಳ ಬಳಿ ಇದ್ದ ಟಿಪ್ಪಣಿಯ ಪ್ರತಿ ಒಬ್ಬ ಟಿವಿ ಪತ್ರಕರ್ತನ ಕೈಗೆ ಸಿಕ್ಕಿತು. ಅಲ್ಲಿಂದಾಚೆಗೆ ಆ ಮನೆತನದ ಹೆಸರಿಗೆ ಅಂಟಿದ ಕಳಂಕ ಇನ್ನೂ ಹೋಗಿಲ್ಲ.

ಯಾರೂ ಕೇಳದ ಇನ್ನೊಂದು ವಿಷಯ ಹೇಳಲೇಬೇಕು, ಯಾಕಂದರೆ ನನ್ನ ಪ್ರಕಾರ ಡ್ರೂಯಿಟ್ ಬದುಕಿನಲ್ಲಿ ನಮಗೆ ಬೇಕಾದ ಪುಟ ಅದೇ. 1888ರ ಆಗಸ್ಟ್ ಮೊದಲ ವಾರ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೋರ್ನ್‌ಮತ್‌ ಊರಿನ ಡೀನ್ ಪಾರ್ಕ್ ಮೈದಾನಕ್ಕೆ ಬಾಂಬೆಯಿಂದ ಒಂದು ತಂಡ ಬಂತು. ಪಾರ್ಸಿಗಳ ತಂಡ! ಊರಿನ ಪರವಾಗಿ ಡ್ರೂಯಿಟ್ ಬೌಲ್ ಮಾಡಿ ಅವರ ಮೊದಲ ಇನ್ನಿಂಗ್ಸ್‌ನಲ್ಲಿ 5 ವಿಕೆಟ್ ತೆಗೆದ. ಆದರೂ ಗೆದ್ದದ್ದು ಪಾರ್ಸಿಗಳೇ. 1886ರ ಮೊದಲ ಪ್ರವಾಸದಲ್ಲಿ ಪಾರ್ಸಿಗಳು 28 ಪಂದ್ಯಗಳಲ್ಲಿ ಒಂದೇ ಒಂದನ್ನು ಗೆದ್ದಿದ್ದರು. ಎರಡೇ ವರ್ಷದಲ್ಲಿ ಅದು 31ರಲ್ಲಿ 8 ಆಯಿತು. ಆ ತಂಡದ ಬೌಲರ್ ಮೆಹೆಲ್ಲಾಶಾ ಪಾವ್ರಿ ಆ ಪ್ರವಾಸದಲ್ಲಿ 170 ವಿಕೆಟ್ ಕಿತ್ತ. ಮುಂದೆ ಡಾಕ್ಟರ್ ಆದ, 1895ರಲ್ಲಿ ಮಿಡ್ಲ್‌ಸೆಕ್ಸ್ ಕೌಂಟಿಗೂ ಆಡಿದ. 1890ರಲ್ಲಿ ವರ್ನನ್ ನಾಯಕತ್ವದ ಇಂಗ್ಲಿಷ್ ತಂಡ ಭಾರತಕ್ಕೆ ಬಂದಾಗ, ಬಾಂಬೆಯಲ್ಲಿ ಅದನ್ನು 4 ವಿಕೆಟ್‌ಗಳಿಂದ ಸೋಲಿಸಿದ್ದೂ ಇದೇ ಪಾರ್ಸಿಗಳು. ಪಾವ್ರಿ ಬಗ್ಗೆ ಒಬ್ಬರಾದರೂ ಕೇಳಿ, ಉತ್ತರ ಇದಕ್ಕಿಂತ ಉದ್ದ ಬರೆಯುತ್ತೇನೆ.