ಪೈಲಟ್ ತರಬೇತಿಗೆ ಯಾವ ಆ್ಯಪ್? ಮೊದಲು ಅದರ ಲೆಕ್ಕ ನೋಡಿ

ವಿಮಾನ ಹಾರಾಟ ಕಲಿಯುವವರಿಗೆಂದು ಸಿಗುವ ಆ್ಯಪ್‌ಗಳಲ್ಲಿ ಬಹುಪಾಲು ಅಮೆರಿಕದ ಪೈಲಟ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಅಲ್ಲಿ ಒತ್ತಡ ಪಾದರಸದ ಇಂಚಿನಲ್ಲಿ, ದೃಗ್ಗೋಚರತೆ ಮೈಲಿಯಲ್ಲಿ, ಇಂಧನ ಗ್ಯಾಲನ್ನಿನಲ್ಲಿ. ನಮ್ಮಲ್ಲಿ ಒತ್ತಡಕ್ಕೆ ಹೆಕ್ಟೋಪಾಸ್ಕಲ್, ದೃಗ್ಗೋಚರತೆಗೆ ಮೀಟರ್. ಆ್ಯಪ್ ಹಾಕಿಕೊಂಡ ಕೂಡಲೇ ಸೆಟ್ಟಿಂಗ್ಸ್ ತೆರೆದು ಈ ಮಾನಗಳನ್ನು ಬದಲಿಸಿ. ಬದಲಿಸಲು ಬಾರದಿದ್ದರೆ ಆ ಆ್ಯಪ್ ನಿಮಗಲ್ಲ.

ಆಮೇಲೆ ಉತ್ತರ ಗೊತ್ತಿರುವ ಒಂದು ಲೆಕ್ಕ ಕೊಡಿ. ರನ್‌ವೇ 27 (ಅಂದರೆ 270 ಡಿಗ್ರಿ ದಿಕ್ಕು), ಗಾಳಿ 240 ಡಿಗ್ರಿಯಿಂದ 20 ನಾಟ್. ಕೋನ 30 ಡಿಗ್ರಿ, ಅಂದರೆ ಅಡ್ಡಗಾಳಿ 10 ನಾಟ್, ಎಡಗಡೆಯಿಂದ. ಎದುರುಗಾಳಿ ಸುಮಾರು 17. ಆ್ಯಪ್ ಬಲಗಡೆಯಿಂದ ಎಂದರೆ ಗಾಳಿ ಎತ್ತಲಿಂದ ಬರುತ್ತದೆ ಎನ್ನುವುದರ ಬದಲು ಎತ್ತ ಹೋಗುತ್ತದೆ ಎಂದು ಅದು ಓದುತ್ತಿದೆ. ಇಂಥ ಹತ್ತು ಲೆಕ್ಕಗಳನ್ನು ಕೈಯಲ್ಲಿ ಮಾಡಲು ಬಾರದವರಿಗೆ ಇ6ಬಿ (ಹಾರಾಟದ ಲೆಕ್ಕ ಹಾಕುವ ಸಾಧನ) ಆ್ಯಪ್ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಪರೀಕ್ಷಾ ಕೊಠಡಿಯೊಳಗೆ ಫೋನ್ ಬರುವುದಿಲ್ಲ. ಆಗ ನೆರವಾಗುವುದು ಕೈಲೆಕ್ಕವೇ.

ಬೆಂಗಳೂರಿನ ಸುತ್ತ ಹಾರುವವರು ಹೆಚ್ಚು ಎಚ್ಚರದಿಂದ ಬಳಸಬೇಕಾದದ್ದು ಡೆನ್ಸಿಟಿ ಆಲ್ಟಿಟ್ಯೂಡ್ ಲೆಕ್ಕ, ಅಂದರೆ ಗಾಳಿಯ ಸಾಂದ್ರತೆಯ ಪ್ರಕಾರ ವಿಮಾನಕ್ಕೆ ಅನಿಸುವ ಎತ್ತರ. ಜಕ್ಕೂರು ವಿಮಾನ ನೆಲೆ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಪ್ರಮಾಣಿತ ತಾಪಮಾನ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದ್ದರೆ ವ್ಯತ್ಯಾಸ 25. ಡಿಗ್ರಿಗೆ 120 ಅಡಿಯಂತೆ ಇನ್ನೂ 3000 ಅಡಿ ಕೂಡುತ್ತದೆ. ಕ್ಯುಎನ್‌ಎಚ್ (ಸಮುದ್ರಮಟ್ಟಕ್ಕೆ ಇಳಿಸಿ ಹೇಳುವ ಒತ್ತಡ) 1013 ಇದ್ದ ದಿನ ವಿಮಾನದ ಪಾಲಿಗೆ ಅದು 6000 ಅಡಿ ಎತ್ತರದ ರನ್‌ವೇ: ಟೇಕಾಫ್ ಓಟ ಉದ್ದವಾಗುತ್ತದೆ, ಮೇಲೇರುವ ವೇಗ ಕುಗ್ಗುತ್ತದೆ.

ಇಲ್ಲಿ ಆ್ಯಪ್ ಹೇಗೆ ದಾರಿ ತಪ್ಪಿಸುತ್ತದೆ ನೋಡಿ. ಅನೇಕ ಫೋನ್‌ಗಳಲ್ಲಿ ವಾಯುಭಾರ ಮಾಪಕವಿದೆ. ಅದು ಅಳೆಯುವುದು ನಿಂತ ಜಾಗದ ನೇರ ಒತ್ತಡವನ್ನು. ಬೆಂಗಳೂರಿನಲ್ಲಿ ಅದು 910 ಹೆಕ್ಟೋಪಾಸ್ಕಲ್ ಆಸುಪಾಸು. ಆ ಅಂಕಿಯನ್ನೇ ಕ್ಯುಎನ್‌ಎಚ್ ಎಂದು ತುಂಬಿದರೆ ಊರಿನ ಎತ್ತರ ಎರಡು ಸಲ ಲೆಕ್ಕಕ್ಕೆ ಬಂದು, ಉತ್ತರ 10,000 ಅಡಿಯ ಹತ್ತಿರ ನಿಲ್ಲುತ್ತದೆ. ಒತ್ತಡದ ಖಾನೆಗೆ ಮೆಟಾರ್‌ನಲ್ಲಿ (ವಿಮಾನ ನಿಲ್ದಾಣದ ಹವಾಮಾನ ವರದಿ) ‘ಕ್ಯೂ’ ಅಕ್ಷರದ ನಂತರ ಬರುವ ಅಂಕಿ ಮಾತ್ರ ಹೋಗಬೇಕು.

ತೂಕ ಮತ್ತು ಸಮತೋಲನದ ಆ್ಯಪ್‌ನಲ್ಲಿ ಅಪಾಯ ಇಂಧನದ ಸಾಲಿನಲ್ಲಿದೆ. ಸೆಸ್ನಾ 172 ಎಸ್‌ನಲ್ಲಿ ಬಳಸಬಹುದಾದ ಇಂಧನ 53 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 200 ಲೀಟರ್. ಲೀಟರಿಗೆ 0.72 ಕೆಜಿಯಂತೆ 144 ಕೆಜಿ. ಲೀಟರ್ ಕೇಳುವ ಖಾನೆಗೆ 53 ಎಂದು ಹೊಡೆದರೆ ಆ್ಯಪ್ 38 ಕೆಜಿ ಎಂದು ಲೆಕ್ಕ ಹಾಕಿ ಹಸಿರು ಗುರುತು ತೋರಿಸುತ್ತದೆ, ನೂರು ಕೆಜಿಗಿಂತ ಹೆಚ್ಚಿನ ಭಾರ ಲೆಕ್ಕದಿಂದಲೇ ಮಾಯ! ಖಾಲಿ ತೂಕವೂ ಅಷ್ಟೇ. ಆ್ಯಪ್‌ನೊಳಗಿರುವುದು ಮಾದರಿ ಅಂಕಿ. ನೀವು ಹಾರಿಸುವ ವಿಮಾನದ್ದು ಅದರ ತೂಕ ವರದಿಯಲ್ಲಿದೆ. ಅದನ್ನೇ ತುಂಬಿ.

ಹವಾಮಾನಕ್ಕೆ ವಿಂಡಿ ಚಂದದ ಆ್ಯಪ್. ಗಾಳಿ ಹೇಗೆ ತಿರುಗುತ್ತದೆ, ಮೋಡ ಯಾವಾಗ ಕವಿಯಬಹುದು ಎಂಬ ಒಟ್ಟು ನೋಟ ಅದರಲ್ಲಿ ಸಿಗುತ್ತದೆ. ಆದರೆ ಅದರ ಮುನ್ಸೂಚನೆಯೆಲ್ಲ ಕಂಪ್ಯೂಟರ್ ಮಾದರಿಯ ಲೆಕ್ಕ. ಮೇ ತಿಂಗಳ ಸಂಜೆ ಒಂದು ಬಡಾವಣೆಯ ಮೇಲೆ ಗುಡುಗಿ ಪಕ್ಕದ ಬಡಾವಣೆಯನ್ನು ಒಣಗಿಸಿಟ್ಟು ಹೋಗುವ ಮಳೆ ಆ ಲೆಕ್ಕದಲ್ಲಿ ಸಿಗದೆ ಹೋಗಬಹುದು. ಹಾರುವ ನಿರ್ಧಾರಕ್ಕೆ ಮೆಟಾರ್, ಟಾಫ್ (ನಿಲ್ದಾಣದ ಹವಾಮಾನ ಮುನ್ಸೂಚನೆ), ಹವಾಮಾನ ಇಲಾಖೆಯ ರೇಡಾರ್ ಚಿತ್ರ ಬೇಕು. ಮೆಟಾರನ್ನು ಬಿಡಿಸಿ ಹೇಳುವ ಗುಂಡಿಯನ್ನು ಕಲಿಯುವ ದಿನಗಳಲ್ಲಿ ಮೊದಲೇ ಮುಟ್ಟಬೇಡಿ. ಮೊದಲು ನೀವೇ ಓದಿ, ಆಮೇಲೆ ಒತ್ತಿ ತಾಳೆ ನೋಡಿ. ಮೆಟಾರಿನಲ್ಲಿರುವ ಸಮಯ ಯುಟಿಸಿ, ಅಂದರೆ ಅಂತರರಾಷ್ಟ್ರೀಯ ಸಮಯ. 0500 ಎಂದರೆ ನಮ್ಮ ಬೆಳಿಗ್ಗೆ ಹತ್ತೂವರೆ.

ನಕ್ಷೆಯ ವಿಷಯದಲ್ಲಿ ನೀವು ಎಲ್ಲಿ ಕಲಿಯುತ್ತೀರಿ ಎಂಬುದೇ ಮುಖ್ಯ. ಅಮೆರಿಕಕ್ಕೆ ತರಬೇತಿಗೆ ಹೋಗುವವರಿಗೆ ಫೋರ್‌ಫ್ಲೈಟ್ ದುಡ್ಡಿಗೆ ತಕ್ಕ ಆ್ಯಪ್, ಆದರೆ ಅದು ಓಡುವುದು ಐಫೋನ್ ಮತ್ತು ಐಪ್ಯಾಡ್‌ನಲ್ಲಿ ಮಾತ್ರ. ಭಾರತದಲ್ಲೇ ಕಲಿಯುವವರು ವಿಮಾನ ನಿಲ್ದಾಣ ಪ್ರಾಧಿಕಾರ ಉಚಿತವಾಗಿ ಪ್ರಕಟಿಸುವ ಇ-ಎಐಪಿಯ (ವಾಯುಯಾನ ಮಾಹಿತಿಯ ಅಧಿಕೃತ ಪ್ರಕಟಣೆ) ನಕ್ಷೆಗಳನ್ನು ಫೋನಿನಲ್ಲಿ ಉಳಿಸಿಕೊಂಡರೆ ಸಾಕು. ಮಾಹಿತಿ ಬದಲಾಗುವ ಚಕ್ರ 28 ದಿನಗಳದ್ದು, ಹೀಗಾಗಿ ಉಳಿಸಿದ ಪ್ರತಿಯ ದಿನಾಂಕ ನೋಡದೆ ತೆರೆಯಬೇಡಿ.

ಪ್ರಶ್ನೆಕೋಶದ ಆ್ಯಪ್‌ಗಳು ಬೇಗ ಹಳತಾಗುತ್ತವೆ. ಕೊಳ್ಳುವ ಮೊದಲು ಏರ್ ರೆಗ್ಯುಲೇಷನ್ಸ್ ವಿಭಾಗ ತೆರೆಯಿರಿ. 1934ರ ವಿಮಾನ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಆ್ಯಪ್ ಇನ್ನೂ ಹಳೆಯದನ್ನೇ ಜಾರಿಯಲ್ಲಿರುವ ಕಾಯ್ದೆ ಎಂದು ಕೇಳುತ್ತಿದ್ದರೆ ಉಳಿದ ಉತ್ತರಗಳನ್ನೂ ನಂಬಲಾಗದು. ಪಾಸಾಗಲು ಶೇ 70 ಅಂಕ ಬೇಕು. ಹಳಸಿದ ಉತ್ತರಗಳು ಆ ಗೆರೆಯನ್ನು ದಾಟಗೊಡದೆ ಹೋಗಬಹುದು. ನನ್ನ ಸಲಹೆ ಪ್ರಶ್ನೋತ್ತರ ಕಾರ್ಡ್‌ಗಳ ಆ್ಯಪ್ ಆಂಕಿ (Anki): ಓದಿದ ಪಾಠದಿಂದ ದಿನಕ್ಕೆ ಇಪ್ಪತ್ತು ಕಾರ್ಡ್ ನೀವೇ ಬರೆದುಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನ್‌ನಲ್ಲಿ ಹಣ ಕೊಡಬೇಕು.

ರೇಡಿಯೊ ಮಾತು ಕಿವಿಗೆ ಬೀಳಲೆಂದು ಲೈವ್‌ಎಟಿಸಿ ಕೇಳುವವರು ಒಂದನ್ನು ಗಮನಿಸಬೇಕು. ಅಮೆರಿಕದ ವಾಯು ಸಂಚಾರ ನಿಯಂತ್ರಕರು ಆವರ್ತಾಂಕದಲ್ಲಿ ‘ಪಾಯಿಂಟ್’ ಎನ್ನುತ್ತಾರೆ. ಆರ್‌ಟಿಆರ್ (ರೇಡಿಯೊ ಬಳಕೆಯ ಪರವಾನಗಿ) ಪರೀಕ್ಷೆಯಲ್ಲಿ ನೀವು ‘ಡೆಸಿಮಲ್’ ಎನ್ನಬೇಕು.

ಲಾಗ್‌ಬುಕ್ ಆ್ಯಪ್‌ಗಳು ಸಮಯವನ್ನು ದಶಮಾಂಶದಲ್ಲಿ ತೋರಿಸುವುದುಂಟು. 1.3 ಗಂಟೆ ಎಂದರೆ 1 ಗಂಟೆ 18 ನಿಮಿಷ. ಅದನ್ನು ಒಂದೂವರೆ ಗಂಟೆ ಎಂದು ಬರೆದರೆ ಒಂದೇ ಹಾರಾಟದಲ್ಲಿ 12 ನಿಮಿಷ ಸುಳ್ಳು ಸೇರುತ್ತದೆ. ವಾಣಿಜ್ಯ ಪರವಾನಗಿಗೆ ಬೇಕಾದ 200 ಗಂಟೆ ತುಂಬುವ ಹೊತ್ತಿಗೆ ಇವು ಕೂಡಿ ಲಾಗ್‌ಬುಕ್ಕೂ ವಿಮಾನದ ದಾಖಲೆಯೂ ತಾಳೆಯಾಗುವುದಿಲ್ಲ. ಗಂಟೆ-ನಿಮಿಷದ ಆಯ್ಕೆಯಿರುವ ಆ್ಯಪನ್ನೇ ಹಿಡಿಯಿರಿ, ತಿಂಗಳಿಗೊಮ್ಮೆ ದಾಖಲೆಯ ಪ್ರತಿ ಫೋನಿನ ಹೊರಗೂ ಇಡಿ.

ಇನ್ನು ಕಾಕ್‌ಪಿಟ್‌ನಲ್ಲಿ ಫೋನ್. ಏರ್‌ಪ್ಲೇನ್ ಮೋಡ್‌ನಲ್ಲೂ ಜಿಪಿಎಸ್ ಕೆಲಸ ಮಾಡುತ್ತದೆ, ಆದರೆ ನಕ್ಷೆ ಮೊದಲೇ ಇಳಿಸಿಕೊಂಡಿರಬೇಕು. ಐಫೋನ್, ಐಪ್ಯಾಡ್‌ಗಳಿಗೆ ತಯಾರಕರು ಹೇಳಿದ ಮಿತಿ 35 ಡಿಗ್ರಿ. ಗಾಜಿನ ಹಿಂದೆ ಬಿಸಿಲಿಗಿಟ್ಟರೆ ಬೇಕಾದ ಹೊತ್ತಿಗೇ ಪರದೆ ಕಪ್ಪಾಗುತ್ತದೆ. ಗ್ಲೇರ್‌ಶೀಲ್ಡ್ (ಮುಂದಿನ ಗಾಜಿನ ಕೆಳಗಿನ ಹಲಗೆ) ಮೇಲೆ, ಅಯಸ್ಕಾಂತೀಯ ದಿಕ್ಸೂಚಿಯ ಪಕ್ಕದಲ್ಲಂತೂ ಇಡಲೇಬಾರದು. ಎಂಜಿನ್ ಚಾಲೂ ಮಾಡುವ ಮುನ್ನ ಫೋನನ್ನು ದಿಕ್ಸೂಚಿಯ ಹತ್ತಿರ ತಂದು ನೋಡಿ: ಅಂಕಿ ಅಲುಗಿದರೆ, ಅಲುಗದಷ್ಟು ದೂರದಲ್ಲಿ ಫೋನಿಗೆ ಜಾಗ ಹುಡುಕಿ.